ಗಿಟಾರ್ ಪೆಡಲಿನ ಬಳಸುದಾರಿ

ವಿದ್ಯುತ್ ಗಿಟಾರನ್ನು ನುಡಿಸುವವರ ಪಾದಗಳ ಬಳಿ ಸಾಲಾಗಿ ಇರಿಸಿದ ಪುಟ್ಟ ಲೋಹದ ಪೆಟ್ಟಿಗೆಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಒಂದೊಂದು ಪೆಟ್ಟಿಗೆಯ ಮೇಲೂ ಒಂದು ಗುಂಡಿ ಇರುತ್ತದೆ. ಅದನ್ನು ಕಾಲಿನಿಂದ ಒತ್ತಿದೊಡನೆ ವಾದ್ಯದ ಸ್ವರ ಬದಲಾಗುತ್ತದೆ. ಒಂದು ಪೆಟ್ಟಿಗೆ ಸ್ವರವನ್ನು ಗರಗಸದ ಸದ್ದಿನಂತೆ ಒರಟಾಗಿಸುತ್ತದೆ. ಇನ್ನೊಂದು ಗವಿಯೊಳಗೆ ಕೂಗಿದಂತೆ ಮಾರ್ದನಿಯನ್ನು ಸೇರಿಸುತ್ತದೆ. ಮತ್ತೊಂದು ಸ್ವರಕ್ಕೆ ಬಾಯಿ ಬಂದಿತೋ ಎಂಬಂತೆ ‘ವಾ ವಾ’ ಎನ್ನಿಸುತ್ತದೆ. ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ಗಿಟಾರು ತನ್ನ ಸಹಜ ಸ್ವರಕ್ಕೆ ಮರಳುತ್ತದೆ. ಇವುಗಳಿಗೆ ‘ಎಫೆಕ್ಟ್ಸ್ ಪೆಡಲ್’ ಎಂದು ಹೆಸರು. ನಾವು ಚಿಕ್ಕದಾಗಿ ಪೆಡಲ್ ಎಂದೇ ಕರೆಯೋಣ.

ಪೆಡಲು ಕೆಲಸ ಮಾಡುತ್ತಿರುವಾಗ ಏನು ಮಾಡುತ್ತದೆ ಎಂಬುದು ಕುತೂಹಲದ ವಿಷಯವೇ ಸರಿ. ಆದರೆ ಈ ಲೇಖನದಲ್ಲಿ ನಾವು ಪರಿಶೀಲಿಸುವುದು ಅದಲ್ಲ. ಪೆಡಲು ಕೆಲಸ ಮಾಡದೆ ಸುಮ್ಮನಿರುವಾಗ ಏನು ಮಾಡುತ್ತದೆ ಎಂಬುದನ್ನು. ಸುಮ್ಮನಿರುವ ಪೆಟ್ಟಿಗೆಯ ವಿಷಯದಲ್ಲಿ ಹೇಳುವುದಕ್ಕೇನಿದೆ ಎಂದು ವಾಚಕರು ಕೇಳಬಹುದು. ವಾದಕರನ್ನು ವಿಚಾರಿಸಿದರೆ ಉತ್ತರ ದೊರೆಯುತ್ತದೆ. ಗಿಟಾರನ್ನು ನೇರವಾಗಿ ವರ್ಧಕಕ್ಕೆ ಜೋಡಿಸಿದಾಗ ಸ್ವರವು ಲಕಲಕನೆ ಹೊಳೆಯುತ್ತದೆ. ನಡುವೆ ಐದಾರು ಪೆಡಲುಗಳನ್ನು ಇರಿಸಿ, ಅವೆಲ್ಲವನ್ನೂ ನಿಲ್ಲಿಸಿ ನುಡಿಸಿದರೆ, ಧ್ವನಿವರ್ಧಕದ ಮೇಲೆ ಕಂಬಳಿ ಹೊದಿಸಿದಂತೆ ಸ್ವರ ಮಂಕಾಗುತ್ತದೆ. ಯಾವ ಪೆಡಲೂ ಕೆಲಸ ಮಾಡುತ್ತಿಲ್ಲ. ಆದರೂ ಏನೋ ಕಳೆದುಹೋಗಿದೆ. ಕಳೆದುದು ಏನು, ಅದು ಹೋದುದು ಎಲ್ಲಿಗೆ, ಅದನ್ನು ಉಳಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ತಿಳಿಯಲು ಕಾಲೇಜಿನ ಮೊದಲ ವರ್ಷಗಳಲ್ಲಿ ಕಲಿಯುವ ವಿದ್ಯುಚ್ಛಾಸ್ತ್ರವೇ ಸಾಕು.

ಸ್ವರವು ವಿದ್ಯುತ್ತಾಗುವ ಬಗೆ

ಸುರುಳಿಯೊಂದರ ಮೂಲಕ ಹಾಯುವ ಅಯಸ್ಕಾಂತ ಬಲರೇಖೆಗಳು ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಸರಿಯಾಗಿ ನೂರು ವರ್ಷಗಳ ಅನಂತರ, 1931ರಲ್ಲಿ, ಅಮೆರಿಕದ ಜಾರ್ಜ್ ಬೀಚಮ್ ಎಂಬ ವಾದಕನು ಅದೇ ತತ್ತ್ವದ ಮೇಲೆ ಗಿಟಾರಿಗೆ ಒಂದು ಗ್ರಾಹಕವನ್ನು ರಚಿಸಿದನು. ಮರುವರ್ಷ ಮಾರುಕಟ್ಟೆಗೆ ಬಂದ ಆ ಗಿಟಾರಿಗೆ ಅದರ ಆಕಾರದಿಂದಾಗಿ ಹುರಿಯುವ ಬಾಣಲೆ ಎಂಬ ಅಡ್ಡಹೆಸರು ಬಿದ್ದಿತು.

ಇಂದಿಗೂ ಗ್ರಾಹಕದ ರಚನೆ ಮೂಲತಃ ಅದೇ. ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ; ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಬಲರೇಖೆಗಳು ಅದೇ ತಾಳದಲ್ಲಿ ಹೆಚ್ಚುತ್ತ ಕುಗ್ಗುತ್ತ ಇರುತ್ತವೆ. ಸುರುಳಿಯಲ್ಲಿ ಅದೇ ತಾಳದ ವೋಲ್ಟೇಜು ಉಂಟಾಗುತ್ತದೆ. ಇದನ್ನು ನಾವು ಸಂಜ್ಞೆ ಎನ್ನೋಣ. ಇದರ ಪ್ರಮಾಣ ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತರಲ್ಲಿ ಕೆಲವು ಪಾಲು ಮಾತ್ರ.

ಗಿಟಾರಿನ ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಅತ್ಯಂತ ತೆಳುವಾದುದು ಸುಮಾರು 330 ಬಾರಿ. ಆದರೆ ಯಾವ ತಂತಿಯೂ ಮೂಲಸ್ವರವೊಂದನ್ನೇ ನುಡಿಯುವುದಿಲ್ಲ. ಅದರ ಎರಡು, ಮೂರು, ನಾಲ್ಕು ಮೊದಲಾದ ಪಟ್ಟಿನ ಕಂಪನಗಳುಳ್ಳ ಮೇಲ್ಸ್ವರಗಳೂ ಜೊತೆಗೂಡಿರುತ್ತವೆ; ಇವು ಸೆಕೆಂಡಿಗೆ ಹಲವು ಸಾವಿರ ಕಂಪನಗಳವರೆಗೆ ಹಬ್ಬಿರುತ್ತವೆ. ಮೂಲಸ್ವರದಿಂದ ಶ್ರುತಿ ತಿಳಿಯುತ್ತದೆ. ಮೇಲ್ಸ್ವರಗಳಿಂದ ವಾದ್ಯದ ಗುಣ ತಿಳಿಯುತ್ತದೆ. ಸ್ವರ ಮಂಕಾಯಿತು ಎಂದು ವಾದಕರು ದೂರಿದಾಗ ಕಳೆದುಹೋಗಿರುವುದು ಈ ಮೇಲ್ಸ್ವರಗಳೇ. ಶ್ರುತಿ ಎಂದಿನಂತೆಯೇ ಇರುತ್ತದೆ; ಹೊಳಪು ಮಾತ್ರ ಹೋಗಿರುತ್ತದೆ.

ಅಳೆಯಹೋದರೆ ಬದಲಾಗುವ ವೋಲ್ಟೇಜು

ಮುಂದೆ ಹೋಗುವ ಮೊದಲು ಒಂದು ಸರಳ ಪ್ರಯೋಗವನ್ನು ನೋಡೋಣ. 9 ವೋಲ್ಟಿನ ಒಂದು ಬ್ಯಾಟರಿಗೆ ತಲಾ 10 ಲಕ್ಷ ಓಮ್‌ಗಳ ಎರಡು ರೋಧಗಳನ್ನು ಒಂದರ ಹಿಂದೊಂದು ಜೋಡಿಸಿ. ರೋಧಗಳು ಸಮವಾಗಿರುವುದರಿಂದ ಒಂದೊಂದರ ತುದಿಗಳ ನಡುವೆಯೂ 4.5 ವೋಲ್ಟ್ ಇರಬೇಕು. ಇದನ್ನು ಅಳೆದು ನೋಡಿ. ಈಗಿನ ಅಂಕಿ ತೋರಿಸುವ ಮಾಪಕದ ಸ್ವಂತ ರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಅದು ಸುಮಾರು 4.3 ವೋಲ್ಟ್ ತೋರಿಸುತ್ತದೆ. ಮುಳ್ಳು ತಿರುಗುವ ಹಳೆಯ ಮಾದರಿಯ ಮಾಪಕದ ರೋಧ, 10 ವೋಲ್ಟಿನ ಶ್ರೇಣಿಯಲ್ಲಿ, ಎರಡು ಲಕ್ಷ ಓಮ್ ಇರಬಹುದು. ಅದು ತೋರಿಸುವುದು ಕೇವಲ 1.3 ವೋಲ್ಟ್!

ಮಾಪಕಗಳೆರಡೂ ಸರಿಯಾಗಿಯೇ ಇವೆ. ಅವುಗಳನ್ನು ಜೋಡಿಸಿದೊಡನೆ ಮಂಡಲವೇ ಬದಲಾಯಿತು, ಅಷ್ಟೆ. ರೋಧದ ಪಕ್ಕದಲ್ಲಿ ಮಾಪಕವು ಮತ್ತೊಂದು ದಾರಿಯನ್ನು ತೆರೆದು ಪ್ರವಾಹದ ಒಂದು ಪಾಲನ್ನು ತನ್ನ ಕಡೆಗೆ ಎಳೆದುಕೊಂಡಿತು. ಅದೇ ಮಾಪಕಗಳನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಎರಡೂ 9 ವೋಲ್ಟನ್ನೇ ತೋರಿಸುತ್ತವೆ. ಏಕೆಂದರೆ ಬ್ಯಾಟರಿಯ ಒಳರೋಧ ಕೆಲವೇ ಓಮ್, ಮಾಪಕವು ಎಳೆದುಕೊಳ್ಳುವ ಅಲ್ಪ ಪ್ರವಾಹ ಅದಕ್ಕೆ ಲೆಕ್ಕವಿಲ್ಲ.

ಈ ಪ್ರಯೋಗದಿಂದ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕು. ಒಳರೋಧ ಹೆಚ್ಚಾಗಿರುವ ಮೂಲಕ್ಕೆ ಏನನ್ನು ಜೋಡಿಸಿದರೂ ಅದರ ವೋಲ್ಟೇಜು ಕುಗ್ಗುತ್ತದೆ. ಒಳರೋಧ ಕಡಿಮೆಯಿರುವ ಮೂಲವು ಹೊರೆಯನ್ನು ಲೆಕ್ಕಿಸುವುದಿಲ್ಲ. ಗಿಟಾರಿನ ಸುರುಳಿ ಮೊದಲನೆಯ ಬಗೆಗೆ ಸೇರಿದ್ದು.

ಸುರುಳಿ, ಕೇಬಲು, ಅನುರಣನ

ಗ್ರಾಹಕದ ಸುರುಳಿಗೆ ಸುಮಾರು 7 ಸಾವಿರ ಓಮ್ ರೋಧವಿದೆ ಎಂದು ಇಟ್ಟುಕೊಳ್ಳೋಣ. ಇದಲ್ಲದೆ ಅದಕ್ಕೆ ಸ್ವಪ್ರೇರಣೆಯೂ ಇದೆ, ಅದನ್ನು 2.5 ಹೆನ್ರಿ ಎಂದು ಹಿಡಿಯೋಣ. ಸ್ವಪ್ರೇರಣೆಯು ಪರ್ಯಾಯ ವಿದ್ಯುತ್ತಿಗೆ ಒಡ್ಡುವ ಅಡ್ಡಿ ಕಂಪನಗಳ ಸಂಖ್ಯೆಯೊಡನೆ ಏರುತ್ತದೆ. ಸೆಕೆಂಡಿಗೆ 82 ಕಂಪನಗಳಿದ್ದಾಗ ಈ ಅಡ್ಡಿ ಸುಮಾರು 1300 ಓಮ್. 4100 ಕಂಪನಗಳಿದ್ದಾಗ ಸುಮಾರು 64 ಸಾವಿರ ಓಮ್. ಎಂದರೆ ಮಂದ್ರ ಸ್ವರಗಳಿಗೆ ಗಿಟಾರು ಸಾಧಾರಣ ಒಳರೋಧದ ಮೂಲ. ಮೇಲ್ಸ್ವರಗಳಿಗೋ ಅದು ಬಹು ದೊಡ್ಡ ಒಳ ಅಡ್ಡಿಯುಳ್ಳ ಮೂಲ. ಹೊರೆ ಬಿದ್ದಾಗ ಮೇಲ್ಸ್ವರಗಳೇ ಮೊದಲು ಬಳಲುವುದಕ್ಕೆ ಕಾರಣ ಇದು.

ಇನ್ನು ಕೇಬಲಿನ ಕಡೆ ನೋಡೋಣ. ಗಿಟಾರಿನ ಕೇಬಲಿನಲ್ಲಿ ನಡುವೆ ಸಂಜ್ಞೆಯ ತಂತಿ, ಅದರ ಸುತ್ತ ನಿರೋಧಕ, ಅದರ ಸುತ್ತ ಭೂಮಿಗೆ ಸೇರಿಸಿದ ಲೋಹದ ಹೆಣಿಗೆ ಇರುತ್ತವೆ. ಎರಡು ವಾಹಕಗಳು, ನಡುವೆ ನಿರೋಧಕ: ಇದು ಧಾರಕವಲ್ಲದೆ ಮತ್ತೇನು? ಸಾಮಾನ್ಯ ಕೇಬಲಿನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಪಿಕೋಫ್ಯಾರಡ್ ಎಂದರೆ ಫ್ಯಾರಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಅಳತೆ ಅತ್ಯಲ್ಪವೆಂದು ತೋರಿದರೂ ಅದರ ಪರಿಣಾಮ ಅಲ್ಪವಲ್ಲ.

ಸುರುಳಿಯೂ ಧಾರಕವೂ ಕೂಡಿದಲ್ಲಿ ಅನುರಣನ ಉಂಟಾಗುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದಿದೆ. ಒಂದು ನಿರ್ದಿಷ್ಟ ಕಂಪನಸಂಖ್ಯೆಯ ಬಳಿ ಸಂಜ್ಞೆ ಉಬ್ಬುತ್ತದೆ. ಅದರಿಂದ ಮೇಲಕ್ಕೆ ಹೋದಂತೆ ಬೇಗನೆ ಕುಸಿಯುತ್ತದೆ. 5 ಮೀಟರ್ ಕೇಬಲಿನ 500 ಪಿಕೋಫ್ಯಾರಡಿಗೆ ಸುರುಳಿಯ ಸ್ವಂತ ಧಾರಕತೆ 100 ಪಿಕೋಫ್ಯಾರಡನ್ನು ಸೇರಿಸಿ ಲೆಕ್ಕ ಹಾಕಿದರೆ ಈ ಉಬ್ಬು ಸೆಕೆಂಡಿಗೆ ಸುಮಾರು 4100 ಕಂಪನಗಳಲ್ಲಿ ಬೀಳುತ್ತದೆ. ನಮ್ಮ ಕಿವಿ ಬಹು ಚುರುಕಾಗಿರುವ ಪ್ರದೇಶವೇ ಅದು. ವಿದ್ಯುತ್ ಗಿಟಾರಿನ ಹೊಳಪೆಂದು ನಾವು ಮೆಚ್ಚುವುದು ಬಹುಮಟ್ಟಿಗೆ ಈ ಉಬ್ಬನ್ನೇ. ಆದುದರಿಂದ ಗ್ರಾಹಕವೊಂದೇ ಸ್ವರವನ್ನು ನಿರ್ಧರಿಸುತ್ತದೆ ಎನ್ನಲಾಗದು. ಗ್ರಾಹಕ, ಕೇಬಲು, ಕೇಬಲಿನ ಆಚೆಯ ತುದಿಯಲ್ಲಿರುವ ಹೊರೆ, ಈ ಮೂರೂ ಸೇರಿ ಒಂದೇ ಮಂಡಲ.

ಮೊದಲ ಸ್ವಿಚ್ಚುಗಳು

ಗಿಟಾರು ನುಡಿಸುವವರ ಎರಡು ಕೈಗಳೂ ವಾದ್ಯದ ಮೇಲಿರುತ್ತವೆ. ಹಾಡಿನ ನಡುವೆ ಸ್ವರವನ್ನು ಬದಲಿಸಬೇಕಾದರೆ ಉಳಿಯುವುದು ಕಾಲು ಮಾತ್ರ. 1962ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಮಾಯೆಸ್ಟ್ರೋ ಫಜ್‌ಟೋನ್’ ಎಂಬ ಟ್ರಾನ್ಸಿಸ್ಟರ್ ಪೆಡಲು ಸ್ವರವನ್ನು ಒರಟಾಗಿಸುತ್ತಿತ್ತು. 1965ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ವೃಂದವು ಅದನ್ನು ‘ಸ್ಯಾಟಿಸ್‌ಫ್ಯಾಕ್ಷನ್’ ಎಂಬ ಹಾಡಿನಲ್ಲಿ ಬಳಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಆ ಹಾಡಿನಲ್ಲಿ ಒರಟು ಸ್ವರವು ಒಮ್ಮೆ ಬಂದು ಒಮ್ಮೆ ಮರೆಯಾಗುತ್ತದೆ. ಪೆಡಲು ಕೆಲಸ ಮಾಡುವುದು ಎಷ್ಟು ಮುಖ್ಯವೋ, ಬೇಡವಾದಾಗ ಸ್ವರವನ್ನು ಮುಟ್ಟದೆ ಬಿಡುವುದೂ ಅಷ್ಟೇ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

ಬೇಡವಾದಾಗ ಸಂಜ್ಞೆಯನ್ನು ಮಂಡಲದೊಳಕ್ಕೆ ಬಿಡದೆ ಸುತ್ತಿಸಿ ಕಳುಹಿಸುವ ಏರ್ಪಾಡಿಗೆ ‘ಬೈಪಾಸ್’ ಎನ್ನುತ್ತಾರೆ. ಊರಿನ ಸಂತೆಬೀದಿಯನ್ನು ಬಿಟ್ಟು ಹೊರಗಿನಿಂದಲೇ ಹಾದುಹೋಗುವ ರಸ್ತೆಗೂ ಇದೇ ಹೆಸರು. ಬಳಸುದಾರಿ ಎಂದರೆ ನಮಗೆ ಸಾಕು.

ಅತ್ಯಂತ ಸರಳವಾದ ಬಳಸುದಾರಿಗೆ ಒಂದು ತೋಳಿನ ಸ್ವಿಚ್ಚು ಸಾಕಾಗುತ್ತದೆ. ಗಿಟಾರಿನಿಂದ ಬಂದ ತಂತಿ ಪೆಟ್ಟಿಗೆಯೊಳಗೆ ಎರಡಾಗಿ ಕವಲೊಡೆಯುತ್ತದೆ: ಒಂದು ಕವಲು ಮಂಡಲದೊಳಕ್ಕೆ, ಮತ್ತೊಂದು ನೇರವಾಗಿ ಸ್ವಿಚ್ಚಿಗೆ. ಸ್ವಿಚ್ಚಿನ ತೋಳು ಹೊರಗಿಂಡಿಗೆ ಸೇರಿರುತ್ತದೆ. ತೋಳು ಒಂದು ಕಡೆಗಿದ್ದರೆ ಮಂಡಲದಿಂದ ಹೊರಬಂದ ಸ್ವರ ಕೇಳಿಸುತ್ತದೆ; ಇನ್ನೊಂದು ಕಡೆಗಿದ್ದರೆ ನೇರ ಸ್ವರ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಸಂಸ್ಥೆಯಲ್ಲಿ ರೂಪುಗೊಂಡು ಮರುವರ್ಷ ‘ವೋಕ್ಸ್’ ಹೆಸರಿನಲ್ಲಿ ಬಂದ ‘ವಾ ವಾ’ ಪೆಡಲಿನಲ್ಲಿ ಇದ್ದುದು ಇಂತಹ ಸ್ವಿಚ್ಚೇ. ಆಗ ಬಂದ ಇನ್ನೂ ಅನೇಕ ಪೆಡಲುಗಳಲ್ಲಿಯೂ ಹೀಗೆಯೇ ಇತ್ತು.

ಇದರ ಕುಂದು ಎಲ್ಲಿದೆ? ಸ್ವಿಚ್ಚು ಮಂಡಲದ ಹೊರಬಾಗಿಲನ್ನು ಮಾತ್ರ ಮುಚ್ಚಿತು. ಒಳಬಾಗಿಲು ತೆರೆದೇ ಇದೆ. ನಾಲೆಯ ನೀರು ಮುಂದಿನ ಊರಿಗೆ ಹೋಗಬೇಕಾದಾಗ ಗದ್ದೆಯ ಕೆಳಬದಿಯ ಬಾಯಿಯನ್ನು ಮುಚ್ಚಿ, ಮೇಲುಬದಿಯ ತೂಬನ್ನು ತೆರೆದೇ ಬಿಟ್ಟಂತೆ. ಗದ್ದೆಯ ಮಣ್ಣು ನೀರನ್ನು ಹೀರುತ್ತಲೇ ಇರುತ್ತದೆ, ನಾಲೆ ಸೊರಗುತ್ತದೆ. ಹಾಗೆಯೇ ನಿಂತಿರುವ ಪೆಡಲಿನ ಮಂಡಲವೂ ಸಂಜ್ಞೆಯ ಮೇಲೆ ಹೊರೆಯಾಗಿ ಕುಳಿತಿರುತ್ತದೆ.

ಹೊರೆ ಎಷ್ಟೆಂಬುದನ್ನು ಲೆಕ್ಕ ಹಾಕೋಣ. ಗಿಟಾರಿನೊಳಗಿನ ಎರಡು ನಿಯಂತ್ರಕಗಳು ತಲಾ 2.5 ಲಕ್ಷ ಓಮ್, ವರ್ಧಕದ ಒಳಬಾಗಿಲಿನ ರೋಧ 10 ಲಕ್ಷ ಓಮ್. ಇವು ಮೂರೂ ಅಕ್ಕಪಕ್ಕದಲ್ಲಿ ಸೇರಿ ಸುಮಾರು 1 ಲಕ್ಷ 11 ಸಾವಿರ ಓಮ್ ಆಗುತ್ತವೆ. ಆಗ 4100 ಕಂಪನಗಳ ಬಳಿ ಸಂಜ್ಞೆಯು ಸುರುಳಿಯಲ್ಲಿ ಹುಟ್ಟಿದುದರ ಸುಮಾರು 1.45 ಪಟ್ಟಾಗಿ ಉಬ್ಬಿರುತ್ತದೆ. ಈಗ 70 ಸಾವಿರ ಓಮ್ ರೋಧದ ಒಂದು ಪೆಡಲು ಅದೇ ಸಾಲಿಗೆ ಸೇರಿತೆನ್ನೋಣ. ಒಟ್ಟು ಹೊರೆ 43 ಸಾವಿರ ಓಮಿಗೆ ಇಳಿಯುತ್ತದೆ, ಸಂಜ್ಞೆ 0.62 ಪಟ್ಟಿಗೆ ಕುಸಿಯುತ್ತದೆ. ಉಬ್ಬಿದ್ದಲ್ಲಿ ಈಗ ತಗ್ಗು. ಅದೇ ಸಮಯದಲ್ಲಿ ಮಂದ್ರ ಸ್ವರವು 0.94ರಿಂದ 0.86ಕ್ಕೆ ಇಳಿಯುತ್ತದೆ, ಅಷ್ಟೆ. ಕೆಳಗಿನ ಸ್ವರಗಳಲ್ಲಿ ನಷ್ಟ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಮೇಲಿನವುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಕಂಬಳಿ ಹೊದಿಸಿದಂತೆ ಎಂಬ ವಾದಕರ ಮಾತು ಕೇವಲ ಭ್ರಮೆಯಲ್ಲವೆಂದು ಈ ಅಂಕಿಗಳು ಸಾಕ್ಷಿ ನುಡಿಯುತ್ತವೆ.

ಪೂರ್ಣ ಬಳಸುದಾರಿ

ಕುಂದು ಯಾವುದೆಂದು ತಿಳಿದ ಮೇಲೆ ಪರಿಹಾರ ತಾನಾಗಿ ಹೊಳೆಯುತ್ತದೆ: ಎರಡು ಬಾಗಿಲುಗಳನ್ನೂ ಒಟ್ಟಿಗೆ ಮುಚ್ಚಬೇಕು. ಇದಕ್ಕೆ ಏಕಕಾಲದಲ್ಲಿ ಚಲಿಸುವ ಎರಡು ತೋಳುಗಳ ಸ್ವಿಚ್ಚು ಬೇಕು. ಒಂದು ತೋಳು ಒಳಗಿಂಡಿಗೆ, ಇನ್ನೊಂದು ಹೊರಗಿಂಡಿಗೆ ಸೇರಿರುತ್ತದೆ. ಪೆಡಲು ಕೆಲಸ ಮಾಡುವಾಗ ಮೊದಲನೆಯ ತೋಳು ಸಂಜ್ಞೆಯನ್ನು ಮಂಡಲದೊಳಕ್ಕೆ ಕಳುಹಿಸುತ್ತದೆ, ಎರಡನೆಯದು ಅದನ್ನು ಹೊರಕ್ಕೆ ತರುತ್ತದೆ. ನಿಲ್ಲಿಸಿದಾಗ ತೋಳುಗಳೆರಡೂ ಒಂದು ತುಂಡು ತಂತಿಯ ಮೂಲಕ ಪರಸ್ಪರ ಕೂಡಿಕೊಳ್ಳುತ್ತವೆ. ಮಂಡಲವು ಎರಡು ಕಡೆಯಿಂದಲೂ ಬಿಟ್ಟುಹೋಗುತ್ತದೆ. ಇದಕ್ಕೆ ‘ಟ್ರೂ ಬೈಪಾಸ್’, ಎಂದರೆ ಪೂರ್ಣ ಬಳಸುದಾರಿ, ಎಂದು ಹೆಸರು. ಬಹಳ ಪೆಡಲುಗಳಲ್ಲಿ ಮೂರು ತೋಳಿನ, ಒಂಬತ್ತು ಕಾಲುಗಳ ಸ್ವಿಚ್ಚನ್ನು ಕಾಣುತ್ತೇವೆ. ಆ ಮೂರನೆಯ ತೋಳಿಗೂ ಸ್ವರಕ್ಕೂ ಸಂಬಂಧವಿಲ್ಲ. ಪೆಡಲು ಕೆಲಸ ಮಾಡುತ್ತಿದೆಯೆಂದು ತೋರಿಸುವ ಪುಟ್ಟ ದೀಪವನ್ನು ಹೊತ್ತಿಸುವುದು ಅದರ ಕೆಲಸ.

ಈ ಏರ್ಪಾಡಿನಲ್ಲಿ ಇನ್ನೊಂದು ಗುಣವಿದೆ. ರಂಗದ ಮೇಲೆ ಬ್ಯಾಟರಿ ಮುಗಿದುಹೋದರೂ, ಪೆಡಲನ್ನು ನಿಲ್ಲಿಸಿದರೆ ಸಂಜ್ಞೆ ತಂತಿಯ ಮೂಲಕ ಹಾದುಹೋಗುತ್ತದೆ. ಹಾಡು ನಿಲ್ಲುವುದಿಲ್ಲ.

ಒಂದು ಅವಗುಣವನ್ನೂ ಹೇಳಬೇಕು. ಕೆಲವು ಪೆಡಲುಗಳ ಗುಂಡಿಯನ್ನು ಒತ್ತಿದಾಗ ಧ್ವನಿವರ್ಧಕದಲ್ಲಿ ‘ಟಪ್’ ಎಂದು ಸದ್ದಾಗುತ್ತದೆ. ಮಂಡಲದ ಒಳಬಾಗಿಲಿನಲ್ಲಿ ಒಂದು ಧಾರಕವಿರುತ್ತದೆ. ಅದರ ಒಳಬದಿಯಲ್ಲಿ ಟ್ರಾನ್ಸಿಸ್ಟರಿಗೆ ಬೇಕಾದ ಕೆಲವು ವೋಲ್ಟುಗಳ ಸ್ಥಿರ ವೋಲ್ಟೇಜು ಇರುತ್ತದೆ. ಪೆಡಲು ನಿಂತಿರುವಾಗ ಧಾರಕದ ಹೊರಬದಿಗೆ ಯಾವ ಆಸರೆಯೂ ಇಲ್ಲ. ಯಾವ ಧಾರಕವೂ ಪರಿಪೂರ್ಣ ನಿರೋಧಕವಲ್ಲವಾದುದರಿಂದ ವಿದ್ಯುದಂಶ ಮೆಲ್ಲಮೆಲ್ಲನೆ ಸೋರಿ ಹೊರಬದಿಯ ವೋಲ್ಟೇಜೂ ಏರುತ್ತದೆ. ಗುಂಡಿಯನ್ನು ಒತ್ತಿದ ಕ್ಷಣ ಅದು ಒಮ್ಮೆಲೆ ಗಿಟಾರಿನ ಮೂಲಕ ಭೂಮಿಗೆ ಇಳಿಯುತ್ತದೆ. ಆ ನೆಗೆತವೇ ‘ಟಪ್’ ಎಂಬ ಸದ್ದು. ಇದಕ್ಕೆ ಮದ್ದು ಅತಿ ಸುಲಭ. ಹೊರಬದಿಯಿಂದ ಭೂಮಿಗೆ 10 ಲಕ್ಷ ಓಮಿನ ಒಂದು ರೋಧವನ್ನು ಜೋಡಿಸಿದರೆ, ಸೋರಿದುದು ಸೋರಿದಂತೆಯೇ ಹರಿದುಹೋಗುತ್ತದೆ. ಪೆಟ್ಟಿಗೆಯೊಳಗಿನ ಅತಿ ಅಗ್ಗದ ವಸ್ತುವೊಂದು ಹೀಗೆ ಕಚೇರಿಯ ಮರ್ಯಾದೆಯನ್ನು ಉಳಿಸುತ್ತದೆ.

ತಂತಿಯೂ ಹೊರೆಯೇ

ಪೂರ್ಣ ಬಳಸುದಾರಿ ಬಂದ ಮೇಲೆ ಸಮಸ್ಯೆ ಬಗೆಹರಿಯಿತೆಂದು ಅನೇಕರು ನಂಬಿದರು. ಪೆಟ್ಟಿಗೆಯ ಮೇಲೆ ಆ ಎರಡು ಪದಗಳಿದ್ದರೆ ಸಾಕು, ಸ್ವರಕ್ಕೆ ಕೇಡಿಲ್ಲ ಎಂಬ ಭಾವನೆ ಬೆಳೆಯಿತು. ಆದರೆ ಬಳಸುದಾರಿಯು ಸಂಜ್ಞೆಯನ್ನು ಒಯ್ದು ಸೇರಿಸುವುದು ಎಲ್ಲಿಗೆ? ಮುಂದಿನ ಕೇಬಲಿಗೆ. ಅಲ್ಲಿಂದ ಮುಂದಿನ ಪೆಡಲಿಗೆ, ಮತ್ತೊಂದು ಕೇಬಲಿಗೆ.

ಗಿಟಾರಿನಿಂದ ಪೆಡಲುಗಳವರೆಗೆ 5 ಮೀಟರ್, ಪೆಡಲುಗಳ ನಡುವಣ ತುಂಡುಗಳೆಲ್ಲ ಸೇರಿ 2 ಮೀಟರ್, ಅಲ್ಲಿಂದ ವರ್ಧಕದವರೆಗೆ 8 ಮೀಟರ್ ಎಂದು ಇಟ್ಟುಕೊಂಡರೆ ಒಟ್ಟು 15 ಮೀಟರ್ ಆಯಿತು. ಎಲ್ಲ ಪೆಡಲುಗಳೂ ಪೂರ್ಣ ಬಳಸುದಾರಿಯುಳ್ಳವೇ ಆಗಿದ್ದು ಎಲ್ಲವೂ ನಿಂತಿದ್ದರೆ, ಸುರುಳಿಯ ದೃಷ್ಟಿಯಲ್ಲಿ ಇದು 15 ಮೀಟರಿನ ಒಂದೇ ಕೇಬಲು. ಧಾರಕತೆ 1600 ಪಿಕೋಫ್ಯಾರಡಿಗೆ ಏರುತ್ತದೆ. ಅನುರಣನದ ಉಬ್ಬು 4100ರಿಂದ ಸುಮಾರು 2500 ಕಂಪನಗಳಿಗೆ ಜಾರುತ್ತದೆ. ಅದರ ಮೇಲಿನ ಸ್ವರಗಳೆಲ್ಲ ಇಳಿಜಾರಿಗೆ ಬೀಳುತ್ತವೆ. ಹೊರೆಯಾಗಿದ್ದ ಮಂಡಲಗಳನ್ನೆಲ್ಲ ದೂರಮಾಡಿದರೂ ಹೊಳಪು ಮರಳಿ ಬರಲಿಲ್ಲ.

ಇಲ್ಲಿ ಮತ್ತೊಂದು ವಿಚಿತ್ರವನ್ನು ಕಾಣುತ್ತೇವೆ. ಸಾಲಿನ ಮೊದಲ ಪೆಡಲನ್ನು ಚಾಲೂ ಮಾಡಿದೊಡನೆ, ಅದರ ಒಳಬಾಗಿಲಿನ ರೋಧ ಹೆಚ್ಚಾಗಿದ್ದರೆ, ಸುರುಳಿಗೆ ಕಾಣುವುದು ಮೊದಲ 5 ಮೀಟರ್ ಕೇಬಲು ಮಾತ್ರ. ಉಳಿದ 10 ಮೀಟರುಗಳನ್ನು ಪೆಡಲಿನ ಮಂಡಲವೇ ಹೊತ್ತುಕೊಳ್ಳುತ್ತದೆ. ಆಗ ಸ್ವರ ಇದ್ದಕ್ಕಿದ್ದಂತೆ ತಿಳಿಯಾಗುತ್ತದೆ. ಕೇಳುವವರು ಇದೆಲ್ಲ ಆ ಪೆಡಲಿನ ಮಹಿಮೆಯೆಂದು ತಿಳಿದಾರು. ನಿಜವಾಗಿ ಅದು ಮಾಡಿದುದು ನಿಂತಿದ್ದ ಪೆಡಲುಗಳ ಸಾಲು ಕಳೆದುದನ್ನು ಹಿಂದಿರುಗಿಸಿದ್ದು ಮಾತ್ರ.

ಬಫರ್ ಎಂಬ ಹೊರೆಯಾಳು

ಮೇಲಿನ ಪ್ರಯೋಗದಲ್ಲಿ ಬ್ಯಾಟರಿಯು ಮಾಪಕದ ಹೊರೆಗೆ ಜಗ್ಗಲಿಲ್ಲ ಎಂಬುದನ್ನು ವಾಚಕರು ಮರೆತಿರಲಾರರು. ಗಿಟಾರನ್ನೂ ಅಂತಹ ಮೂಲವನ್ನಾಗಿ ಮಾರ್ಪಡಿಸಬಹುದೆ? ಬಹುದು. ‘ಬಫರ್’ ಎಂಬ ಪುಟ್ಟ ಮಂಡಲದ ಕಾರ್ಯ ಅದೇ. ಒಂದೇ ಒಂದು ಟ್ರಾನ್ಸಿಸ್ಟರಿನಿಂದಲೂ ಇದನ್ನು ರಚಿಸಬಹುದು. ಇದು ಸಂಜ್ಞೆಯ ವೋಲ್ಟೇಜನ್ನು ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಒಳಬಾಗಿಲಿನಲ್ಲಿ 5-10 ಲಕ್ಷ ಓಮಿನಷ್ಟು ದೊಡ್ಡ ರೋಧವನ್ನು ತೋರಿಸುವುದರಿಂದ ಸುರುಳಿಗೆ ಭಾರವಾಗುವುದಿಲ್ಲ. ಹೊರಬಾಗಿಲಿನಲ್ಲಿ ಒಂದು ಸಾವಿರ ಓಮ್ ಅಥವಾ ಅದಕ್ಕೂ ಕಡಿಮೆ ಒಳರೋಧದ ಮೂಲವಾಗಿ ವರ್ತಿಸುತ್ತದೆ. ಕೇಬಲಿನ ಧಾರಕಗಳನ್ನು ತುಂಬಿ ಬರಿದುಮಾಡಲು ಬೇಕಾದ ಪ್ರವಾಹವನ್ನು ತನ್ನ ಬ್ಯಾಟರಿಯಿಂದ ಒದಗಿಸುತ್ತದೆ. ಒಂದು ಸಾವಿರ ಓಮಿನ ಮೂಲಕ್ಕೆ 15 ಮೀಟರ್ ಕೇಬಲನ್ನು ಜೋಡಿಸಿದರೆ ಸಂಜ್ಞೆ ಕುಸಿಯತೊಡಗುವುದು ಸೆಕೆಂಡಿಗೆ ಸುಮಾರು ಒಂದು ಲಕ್ಷ ಕಂಪನಗಳಲ್ಲಿ. ಮನುಷ್ಯನ ಕಿವಿಯ ಮಿತಿ 20 ಸಾವಿರ. ಎಂದರೆ ನಷ್ಟವೇ ಇಲ್ಲವೆನ್ನಬಹುದು.

ಜಪಾನಿನ ‘ಬಾಸ್’ ಹೆಸರಿನ ಚಿಕ್ಕ ಪೆಡಲುಗಳು 1977ರಲ್ಲಿ ಬಂದಾಗ ಅವುಗಳಲ್ಲಿ ಬಫರ್ ಸದಾ ಸಂಜ್ಞೆಯ ದಾರಿಯಲ್ಲಿಯೇ ಇರುವಂತೆ ರಚಿಸಿದ್ದರು. ಸ್ವಿಚ್ಚಿನ ರೀತಿಯೂ ಬೇರೆ. ಕಾಲು ಒತ್ತುವ ಗುಂಡಿ ಸಂಜ್ಞೆಯನ್ನು ಮುಟ್ಟುವುದೇ ಇಲ್ಲ. ಅದು ಒಂದು ಸೂಚನೆಯನ್ನು ಮಾತ್ರ ಕೊಡುತ್ತದೆ. ಎರಡು ಟ್ರಾನ್ಸಿಸ್ಟರುಗಳ ಒಂದು ಜೋಡಿ ಆ ಸೂಚನೆಯನ್ನು ನೆನಪಿಟ್ಟುಕೊಳ್ಳುತ್ತದೆ: ಒಂದು ಎಚ್ಚರವಾಗಿದ್ದರೆ ಇನ್ನೊಂದು ನಿದ್ರೆ, ಪ್ರತಿ ಒತ್ತಿಗೂ ಸರದಿ ಬದಲು. ಈ ಜೋಡಿಯ ಆಜ್ಞೆಯಂತೆ ‘ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್’ ಎಂಬ ಬೇರೆ ಜಾತಿಯ ಟ್ರಾನ್ಸಿಸ್ಟರುಗಳು ತೂಬಿನ ಹಲಗೆಗಳಂತೆ ತೆರೆದು ಮುಚ್ಚುತ್ತವೆ. ತೆರೆದಾಗ ಅವುಗಳ ರೋಧ ಕೆಲವು ನೂರು ಓಮ್‌ಗಳ ಮಟ್ಟದ್ದು. ಮುಚ್ಚಿದಾಗ ಅನೇಕ ಕೋಟಿ ಓಮ್. ಲೋಹಕ್ಕೆ ಲೋಹ ತಾಗುವ ಸದ್ದಿಲ್ಲ, ಸವೆತವಿಲ್ಲ. ಮಾರ್ದನಿಯ ಪೆಡಲುಗಳಲ್ಲಿ ಇನ್ನೊಂದು ಅನುಕೂಲವುಂಟು. ಪೂರ್ಣ ಬಳಸುದಾರಿಯಲ್ಲಿ ಪೆಡಲನ್ನು ನಿಲ್ಲಿಸಿದೊಡನೆ ಮಾರ್ದನಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಬಫರಿರುವ ಏರ್ಪಾಡಿನಲ್ಲಿ ಹೊಸ ಸ್ವರಗಳು ಒಳಹೋಗದಂತೆ ತಡೆದು, ಹಿಂದೆ ಹೋದವು ತಾವಾಗಿ ಅಡಗುವವರೆಗೆ ಕೇಳುತ್ತಿರುವಂತೆ ಮಾಡಬಹುದು.

ಬಫರಿಗೂ ಮಿತಿಗಳಿವೆ. ಬ್ಯಾಟರಿ ಮುಗಿದರೆ ಬಳಸುದಾರಿಯೂ ಮುಚ್ಚಿಹೋಗುತ್ತದೆ. ಕಚೇರಿಯ ನಡುವೆ ಗಿಟಾರು ಮೂಕವಾಗುತ್ತದೆ. ಪ್ರತಿಯೊಂದು ಬಫರೂ ತನ್ನದಾದ ಅತ್ಯಲ್ಪ ಮೊರೆತವನ್ನು ಸೇರಿಸುವುದರಿಂದ ಹತ್ತಾರು ಬಫರುಗಳ ಸಾಲು ಒಳ್ಳೆಯದಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರುಗಳುಳ್ಳ ಕೆಲವು ಹಳೆಯ ಮಾದರಿಯ ಒರಟುಸ್ವರದ ಪೆಡಲುಗಳಿಗಂತೂ ಬಫರ್ ಹಿಡಿಸುವುದೇ ಇಲ್ಲ. ಅವುಗಳ ಒಳಬಾಗಿಲಿನ ರೋಧ ಬಹಳ ಕಡಿಮೆ. ಗಿಟಾರಿನ ಸುರುಳಿಯೇ ಅವುಗಳ ಮಂಡಲದ ಒಂದು ಅಂಗವಾಗಿ ಕೆಲಸ ಮಾಡುತ್ತದೆ. ನಡುವೆ ಬಫರ್ ಬಂದರೆ ಆ ಸಂಬಂಧ ತಪ್ಪಿ ಸ್ವರ ಕರ್ಕಶವಾಗುತ್ತದೆ.

ಇವೆರಡರ ನಡುವಣ ದಾರಿಯೂ ಒಂದಿದೆ. ಮೆತ್ತಗೆ ಒತ್ತುವ ಗುಂಡಿಯ ಸೂಚನೆಯನ್ನು ಎಲೆಕ್ಟ್ರಾನಿಕ್ ಮಂಡಲವು ಓದಿ, ಒಂದು ಪುಟ್ಟ ರಿಲೇಯನ್ನು ನಡೆಸುತ್ತದೆ. ರಿಲೇ ಎಂದರೆ ವಿದ್ಯುದಯಸ್ಕಾಂತವು ಎಳೆದು ಬದಲಿಸುವ ಸ್ವಿಚ್ಚು. ಸಂಜ್ಞೆ ಹಾಯುವುದು ಲೋಹದ ತೋಳುಗಳ ಮೂಲಕವೇ ಆದುದರಿಂದ ಇದೂ ಪೂರ್ಣ ಬಳಸುದಾರಿಯೇ. ಸಾಮಾನ್ಯ ರಿಲೇಯಲ್ಲಿ ವಿದ್ಯುತ್ತು ನಿಂತರೆ ಸ್ಪ್ರಿಂಗು ತೋಳನ್ನು ಬಳಸುದಾರಿಯ ಕಡೆಗೆ ಹಿಂದಕ್ಕೆಳೆಯುವಂತೆ ಜೋಡಿಸಬಹುದು. ಆಗ ಬ್ಯಾಟರಿ ಮುಗಿದರೂ ಹಾಡಿಗೆ ಭಂಗವಿಲ್ಲ.

ಯಾವುದು ಮೇಲು?

ಹಾಗಾದರೆ ಯಾವ ಬಳಸುದಾರಿ ಉತ್ತಮ? ಪೆಟ್ಟಿಗೆಯ ಮೇಲಿನ ಹೆಸರಿನಿಂದ ಇದನ್ನು ನಿರ್ಧರಿಸಲಾಗದು. ಇಡೀ ಸಾಲನ್ನು ನೋಡಿ ನಿರ್ಧರಿಸಬೇಕು. ಒಂದೆರಡು ಪೆಡಲುಗಳೂ ಗಿಡ್ಡ ಕೇಬಲುಗಳೂ ಇದ್ದರೆ ಪೂರ್ಣ ಬಳಸುದಾರಿಯೇ ಸಾಕು. ಸಾಲು ಉದ್ದವಾದರೆ ಮೊದಲಲ್ಲಿ ಒಂದು ಒಳ್ಳೆಯ ಬಫರ್ ಇರಿಸಿ, ಉಳಿದವುಗಳಿಗೆ ಪೂರ್ಣ ಬಳಸುದಾರಿಯನ್ನು ಇಟ್ಟುಕೊಳ್ಳುವುದು ಲೇಸು. ಸುರುಳಿಯ ನೇರ ಸಂಬಂಧವನ್ನು ಬಯಸುವ ಪೆಡಲಿದ್ದರೆ ಅದು ಬಫರಿಗೂ ಮುಂಚೆ ಇರಬೇಕು. ಕೇಬಲು ಉದ್ದವಾಗಿದ್ದಾಗಿನ ಮೆತ್ತನೆಯ ಸ್ವರವನ್ನೇ ಮೆಚ್ಚುವ ವಾದಕರೂ ಉಂಟು. ಅವರ ಕಿವಿ ಅವರದು. ಕಾರಣ ತಿಳಿದು ಆಯ್ದುಕೊಂಡರೆ ಯಾವುದೂ ತಪ್ಪಲ್ಲ.

ಪರೀಕ್ಷಿಸುವ ಬಗೆಯೂ ಸುಲಭ. ಗಿಟಾರನ್ನು ಒಂದೇ ಒಂದು ಗಿಡ್ಡ ಕೇಬಲಿನಿಂದ ವರ್ಧಕಕ್ಕೆ ಜೋಡಿಸಿ ಒಂದು ಸ್ವರವನ್ನು ಕೇಳಬೇಕು. ಅನಂತರ ಎಲ್ಲ ಪೆಡಲುಗಳನ್ನೂ ನಿಲ್ಲಿಸಿ ಅವುಗಳ ಸಾಲಿನ ಮೂಲಕ ಅದೇ ಸ್ವರವನ್ನು ಕೇಳಬೇಕು. ಎರಡೂ ಒಂದೇ ಆಗಿದ್ದರೆ ಏನನ್ನೂ ಕೊಳ್ಳಬೇಕಾಗಿಲ್ಲ. ಬೇರೆಯಾಗಿದ್ದರೆ ಪೆಡಲುಗಳನ್ನು ಒಂದೊಂದಾಗಿ ತೆಗೆಯುತ್ತ ಬಂದರೆ ಹೊರೆ ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ಜಾಹೀರಾತುಗಳನ್ನು ನಂಬಿ ಹಣ ವ್ಯಯಮಾಡುವ ಮೊದಲು ಅರ್ಧ ಗಂಟೆಯ ಈ ಪರೀಕ್ಷೆಯನ್ನು ಮಾಡುವುದು ಒಳ್ಳೆಯದು.

ಬಳಸುದಾರಿಯ ಪ್ರಾಮುಖ್ಯ ಇದಕ್ಕಿಂತಲೂ ಆಳವಾದುದು. ಪೆಡಲೊಂದು ಸ್ವರಕ್ಕೆ ಏನು ಮಾಡಿತೆಂದು ತಿಳಿಯುವುದು ಅದನ್ನು ಚಾಲೂ ಮಾಡಿದ ಸ್ವರವನ್ನು ನಿಲ್ಲಿಸಿದ ಸ್ವರದೊಡನೆ ಹೋಲಿಸಿದಾಗಲೇ. ನಿಲ್ಲಿಸಿದ ಸ್ವರವೇ ಕೆಟ್ಟಿದ್ದರೆ ಹೋಲಿಕೆಯೂ ಕೆಟ್ಟಿತು. ಏನೂ ಮಾಡದ ಪೆಡಲು ಕೂಡ ಅದ್ಭುತವೆನಿಸೀತು. ಗೊಬ್ಬರದ ಗುಣವನ್ನು ಅರಿಯಲು ಗೊಬ್ಬರ ಹಾಕದ ಒಂದು ಪಾತಿಯನ್ನು ಪಕ್ಕದಲ್ಲಿ ಬೆಳೆಸುತ್ತಾರಷ್ಟೆ. ಆ ಪಾತಿಗೆ ನೀರನ್ನೇ ಹಾಯಿಸದಿದ್ದರೆ ಪ್ರಯೋಗದಿಂದ ತಿಳಿಯುವುದೇನು? ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಜೋಡಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಜೋಡಿಸಿದುದರಿಂದ ಅಳೆಯುವ ವಸ್ತುವೇ ಬದಲಾಯಿತೆ ಎಂದು ಮೊದಲು ಕೇಳಿಕೊಳ್ಳಬೇಕು. ಒಂದು ಬ್ಯಾಟರಿ, ಎರಡು ರೋಧಗಳು, ಎರಡು ಬಗೆಯ ಮಾಪಕಗಳು ಇದ್ದರೆ ಮೇಲೆ ಹೇಳಿದ ಪ್ರಯೋಗವನ್ನು ಹತ್ತು ನಿಮಿಷಗಳಲ್ಲಿ ಮಾಡಿ ನೋಡಬಹುದು.